ಕೈಯಾರೆ ಮಾಡಿದ ಕಾಗದದ ಕಲೆಯನ್ನು ನೆಂಟರಿಗೂ ಸ್ನೇಹಿತರಿಗೂ ತಲುಪಿಸಲು ಯಾವ ದಾರಿ ಲೇಸು?

ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಬೇಸಿಗೆ ರಜೆ ಮತ್ತು ಮಳೆಗಾಲ ಎರಡೂ ಕಾಗದದ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಏಪ್ರಿಲ್‌ನಲ್ಲಿ ಮಕ್ಕಳಿಗೆ ಬಿಡುವಿರುತ್ತದೆ. ಜುಲೈನಲ್ಲಿ ದೊಡ್ಡವರಿಗೂ ಹೊರಗೆ ಕಾಲಿಡುವ ಮನಸ್ಸಿರುವುದಿಲ್ಲ. ಕಾಗದ ಮಡಿಸಿ ಮಾಡುವ ಒರಿಗಾಮಿಯ ಕೊಕ್ಕರೆ, ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ ಅಂಟಿಸುವ ಕ್ವಿಲ್ಲಿಂಗ್ ಕಾರ್ಡು, ಗ್ಲೇಸ್ ಪೇಪರಿನ ತೋರಣ, ಜಲವರ್ಣದ ಚಿತ್ರ, ಹಳೆಯ ಪತ್ರಿಕೆಗಳನ್ನು ಸುರುಳಿ ಸುತ್ತಿ ಹೆಣೆದ ಬುಟ್ಟಿ, ಹೀಗೆ ಒಂದೊಂದಾಗಿ ಸೇರಿ ಷೋಕೇಸ್ ತುಂಬುತ್ತದೆ. ಅನಂತರ ಏಳುವ ಪ್ರಶ್ನೆ, ಇವುಗಳನ್ನು ಬೆಂಗಳೂರಿನ ಅಕ್ಕನ ಮನೆಗೆ, ಮಂಗಳೂರಿನ ಗೆಳತಿಗೆ, ಮೂಡಿಗೆರೆಯ ಚಿಕ್ಕಪ್ಪನಿಗೆ ತಲುಪಿಸುವುದು ಹೇಗೆ ಎಂಬುದು. ಕೈಯಲ್ಲಿ ಕೊಡಬಹುದು, ಅಂಚೆಗೆ ಹಾಕಬಹುದು, ಕೊರಿಯರ್ ಅಥವಾ ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸಬಹುದು, ಫೋಟೊ ತೆಗೆದು ಮೊಬೈಲಿನಲ್ಲಿ ಹಂಚಬಹುದು, ಪ್ರತಿ ತೆಗೆಸಿ ಕೊಡಬಹುದು, ಮನೆಯಲ್ಲೇ ಜೋಡಿಸಿಟ್ಟು ಬಂದವರಿಗೆ ತೋರಿಸಬಹುದು, ಇಲ್ಲವೇ ಮಾಡುವ ಬಗೆಯನ್ನೇ ಕಲಿಸಿಕೊಡಬಹುದು.

ಸಾಮಾನ್ಯವಾಗಿ ಈ ಪ್ರಶ್ನೆಯನ್ನು ನಾವು ಕೆಲಸ ಮುಗಿದ ಮೇಲೆ ಕೇಳಿಕೊಳ್ಳುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಕಾಗದಕ್ಕೆ ಕತ್ತರಿ ಹಾಕುವ ಮೊದಲೇ ಕೇಳಿಕೊಳ್ಳಬೇಕು. ಏಕೆಂದರೆ ವಸ್ತು ಹೋಗಬೇಕಾದ ದಾರಿಯೇ ಅದರ ಅಳತೆಯನ್ನೂ ಕಾಗದದ ದಪ್ಪವನ್ನೂ ಅಂಟಿನ ಆಯ್ಕೆಯನ್ನೂ ನಿರ್ಧರಿಸುತ್ತದೆ. ಲಕೋಟೆಯಲ್ಲಿ ಹೋಗಬೇಕಾದ ಕಾರ್ಡಿನ ಮೇಲೆ ಒಂದು ಅಂಗುಲ ಎತ್ತರದ ಹೂವನ್ನು ಕೂರಿಸಿ, ಆಮೇಲೆ ಅಂಚೆಯವರನ್ನು ದೂರುವುದು ನ್ಯಾಯವಲ್ಲ.

ಮೊದಲು ಹವೆಯ ಲೆಕ್ಕ

ದಾರಿಗಳನ್ನು ಹೋಲಿಸುವ ಮೊದಲು ಊರಿನ ಹವೆಯ ವಿಷಯ ಹೇಳಿಬಿಡಬೇಕು. ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆಯ ಮನೆಯಲ್ಲಿ ವರ್ಷವಿಡೀ ಚೆನ್ನಾಗಿರುವ ತೋರಣ, ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಮನೆಯಲ್ಲಿ ಜೂನ್ ಕಳೆಯುವಷ್ಟರಲ್ಲಿ ಸೊರಗಿ ಜೋತುಬೀಳುತ್ತದೆ. ಕಾಗದದ ನಾರು ಗಾಳಿಯಲ್ಲಿನ ತೇವವನ್ನು ಹೀರಿ ಅಗಲಕ್ಕೆ ಹಿಗ್ಗುತ್ತದೆ. ಒಂದು ಬದಿಗೆ ಮಾತ್ರ ಬಣ್ಣ ಅಥವಾ ಅಂಟು ಬಳಿದಿದ್ದರೆ ಎರಡು ಬದಿಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ ಹಾಳೆ ಸುರುಳಿಯಾಗುತ್ತದೆ. ಆದ್ದರಿಂದ ಒಂದೇ ಜಿಲ್ಲೆಯೊಳಗೆ ಕೊಡುವಾಗಲೂ ಪಡೆಯುವವರ ಮನೆ ಘಟ್ಟದ ಅಂಚಿನಲ್ಲಿದೆಯೋ ಬಯಲಿನಲ್ಲಿದೆಯೋ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮಲೆನಾಡಿನ ಮನೆಗೆ ಹೋಗುವ ವಸ್ತುವಿಗೆ ಜೆರಾಕ್ಸ್ ಹಾಳೆಯ 70-80 ಜಿಎಸ್ಎಂ (ಒಂದು ಚದರ ಮೀಟರ್ ಹಾಳೆಯ ತೂಕ ಇಷ್ಟು ಗ್ರಾಂ ಎಂಬ ಅಳತೆ) ದಪ್ಪ ಸಾಲದು. 200 ಜಿಎಸ್ಎಂ ಮೇಲ್ಪಟ್ಟ ಹಾಳೆಯಾದರೆ ಆಕಾರ ನಿಲ್ಲುತ್ತದೆ.

ಅಂಟಿನ ವಿಷಯದಲ್ಲೂ ಇದೇ ಮಾತು. ಮೈದಾ ಗೋಂದು ಅಗ್ಗ, ಮಕ್ಕಳಿಗೂ ಅಪಾಯವಿಲ್ಲ. ಆದರೆ ತೇವದ ಮನೆಯಲ್ಲಿ ಅದಕ್ಕೆ ಬೇಗ ಬೂಷ್ಟು ಬರುತ್ತದೆ, ಜಿರಳೆಗೂ ಪುಸ್ತಕದ ಹುಳುವಿಗೂ ಅದು ಔತಣ. ಹಿಂದೆ ಪುಸ್ತಕಕ್ಕೆ ರಟ್ಟು ಕಟ್ಟುವವರು ಇದೇ ಕಾರಣಕ್ಕೆ ಗೋಂದಿಗೆ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಸೇರಿಸುತ್ತಿದ್ದರು. ಮಳೆಗಾಲ ಬಂತೆಂದರೆ ಕಾಫಿಗೂ ಅಡಿಕೆಗೂ ಮೈಲುತುತ್ತ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಕಡೆಯವರಿಗೆ ಅದು ಹೊಸ ವಸ್ತುವೇನಲ್ಲ. ಆದರೆ ಅದು ವಿಷ. ಮಕ್ಕಳ ಕೈಗೆ ಹೋಗುವ ಅಥವಾ ತಿಂಡಿ ತುಂಬಿಸುವ ವಸ್ತುವಿಗೆ ಅದು ಬೇಡವೇ ಬೇಡ. ಫೆವಿಕಾಲ್‌ನಂಥ ಬಿಳಿ ಅಂಟನ್ನು ತೆಳ್ಳಗೆ ಸವರಿ, ಪುಸ್ತಕಗಳ ಭಾರ ಹೇರಿ ಒಂದು ರಾತ್ರಿ ಒಣಗಿಸಿದರೆ ಸಾಕು.

ಕೈಯಲ್ಲಿ ಕೊಡುವುದು

ಎಲ್ಲ ದಾರಿಗಳಲ್ಲಿ ಮೊದಲ ಸ್ಥಾನವನ್ನು ನಾನು ಇದಕ್ಕೇ ಕೊಡುತ್ತೇನೆ. ಇದಕ್ಕೆ ತೂಕದ ಮಿತಿಯಿಲ್ಲ, ದಪ್ಪದ ಮಿತಿಯಿಲ್ಲ, ಮೊಹರು ಬೀಳುವ ಭಯವಿಲ್ಲ. ಮೂರು ಆಯಾಮದ ವಸ್ತುಗಳು, ಅಂದರೆ ಪತ್ರಿಕೆಯ ಬುಟ್ಟಿ, ಕಾಗದದ ಹೂಗೊಂಚಲು, ಬಿಡಿಬಿಡಿ ತುಂಡುಗಳನ್ನು ಸಿಕ್ಕಿಸಿ ಕಟ್ಟಿದ ಒರಿಗಾಮಿ ಹಂಸ, ಇವುಗಳಿಗೆ ಬೇರೆ ದಾರಿ ಹುಡುಕುವುದೇ ವ್ಯರ್ಥ. ಕೊರತೆಯೆಂದರೆ ಭೇಟಿಯಾಗುವವರೆಗೆ ಕಾಯಬೇಕು. ಆದರೆ ನಮ್ಮ ಕಡೆ ಭೇಟಿಗೆ ಹಬ್ಬಗಳ ನೆಪ ಬೇಕಾದಷ್ಟಿದೆ. ಕೊಡುವ ವಸ್ತುವನ್ನು ಹಬ್ಬಕ್ಕೆ ಹೊಂದಿಸಿಕೊಂಡರೆ ಕಾಯುವುದೂ ಭಾರವಾಗುವುದಿಲ್ಲ.

ಇವುಗಳಲ್ಲಿ ಸಂಕ್ರಾಂತಿಯೇ ಅತ್ಯುತ್ತಮ. ಜನವರಿಯಲ್ಲಿ ಗಾಳಿ ಒಣಗಿರುತ್ತದೆ, ಎಳ್ಳು ಬೀರಲು ಮನೆಮನೆಗೆ ಹೋಗುವುದು ಇದ್ದೇ ಇದೆ, ಪ್ರತಿ ಮನೆಗೂ ಒಂದು ಪೊಟ್ಟಣ ಬೇಕೇ ಬೇಕು. ಪ್ಲಾಸ್ಟಿಕ್ ಕವರಿನ ಬದಲು ಮಡಿಕೆಯ ಪೆಟ್ಟಿಗೆಯಲ್ಲಿ ಎಳ್ಳು-ಬೆಲ್ಲ ಕೊಟ್ಟರೆ ನಿಮ್ಮ ಕಲೆ ಒಂದೇ ಸಂಜೆಯಲ್ಲಿ ಇಡೀ ಬೀದಿಗೆ ತಲುಪುತ್ತದೆ. ಜಪಾನಿನಲ್ಲಿ ಮಾಸು ಎಂದು ಕರೆಯುವ ಸರಳ ಪೆಟ್ಟಿಗೆಗೆ ಕತ್ತರಿಯೂ ಬೇಡ, ಅಂಟೂ ಬೇಡ. ಎ4 ಹಾಳೆಯಿಂದ 21 ಸೆಂ.ಮೀ. ಚೌಕ ತೆಗೆದು ಮಡಿಸಿದರೆ ಬುಡ ಸುಮಾರು 7.4 ಸೆಂ.ಮೀ., ಎತ್ತರ ಅದರ ಅರ್ಧದಷ್ಟು ಬರುತ್ತದೆ; ಇದು ಒಂದು ಮನೆಗೆ ಬೀರುವಷ್ಟು ಎಳ್ಳಿಗೂ ಒಂದೆರಡು ಸಣ್ಣ ಸಕ್ಕರೆ ಅಚ್ಚಿಗೂ ಹಿಡಿಸುತ್ತದೆ. ಮುಚ್ಚಳವನ್ನೂ ಅದೇ ಬಗೆಯಲ್ಲಿ ಮಡಿಸಬಹುದು. ಬುಡಕ್ಕೆ ಬಳಸುವ ಚೌಕವನ್ನು ಅರ್ಧ ಸೆಂಟಿಮೀಟರಿನಷ್ಟು ಚಿಕ್ಕದಾಗಿ ಕತ್ತರಿಸಿಕೊಂಡರೆ ಮುಚ್ಚಳ ಬಿಗಿಯಾಗದೆ ಕೂರುತ್ತದೆ. ಈ ಪೆಟ್ಟಿಗೆಗೆ ಮಾತ್ರ 200 ಜಿಎಸ್ಎಂ ಹಾಳೆ ಬೇಡ, ಅಷ್ಟು ದಪ್ಪ ಮಡಿಕೆಗೆ ಬಗ್ಗುವುದಿಲ್ಲ. 100 ಜಿಎಸ್ಎಂ ಸುತ್ತಮುತ್ತಲಿನದು ಸರಿ. ಕೊಬ್ಬರಿ ಮತ್ತು ಕಡಲೆಬೀಜ ಎಣ್ಣೆ ಬಿಡುವುದರಿಂದ ಒಳಗೆ ಬೆಣ್ಣೆ ಕಾಗದದ ಒಂದು ತುಂಡನ್ನು ಹಾಸುವುದನ್ನು ಮರೆಯಬಾರದು. ಇಲ್ಲದಿದ್ದರೆ ಸಂಜೆಯೊಳಗೆ ಬಣ್ಣದ ಹಾಳೆಯ ಮೇಲೆ ಜಿಡ್ಡಿನ ಕಲೆ ಮೂಡುತ್ತದೆ.

ದೀಪಾವಳಿಯ ಸಮಯ ಎರಡನೆಯ ಅವಕಾಶ. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ ತೆರೆದು ಬಲಿಪಾಡ್ಯಮಿಯ ಬಳಿಕ ಮುಚ್ಚುವುದರಿಂದ ಹಾಸನದಲ್ಲಿ ಮನೆಯಿರುವವರಿಗೆ ಆ ದಿನಗಳಲ್ಲಿ ನೆಂಟರ ಬರವಿಲ್ಲ. ದರ್ಶನಕ್ಕೆ ಬಂದವರ ಕೈಗೆ ಮಡಿಸಿದರೆ ಚಪ್ಪಟೆಯಾಗುವ ಆಕಾಶಬುಟ್ಟಿಯೊಂದನ್ನು ಕೊಟ್ಟು ಕಳಿಸಿದರೆ, ಅವರು ಅದನ್ನು ಆ ಹಬ್ಬಕ್ಕೇ ಬಳಸುತ್ತಾರೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಕಾಗದದ ಬುಟ್ಟಿಯೊಳಗೆ ಎಣ್ಣೆಯ ದೀಪವನ್ನಾಗಲಿ ಹಳೆಯ ಬಿಸಿ ಬಲ್ಬನ್ನಾಗಲಿ ಇಡಬಾರದು, ಎಲ್ಇಡಿ ಬಲ್ಬನ್ನೇ ಹಾಕಬೇಕು ಎಂದು ಕೊಡುವಾಗಲೇ ಹೇಳಿಬಿಡಿ.

ಗೌರಿ ಹಬ್ಬ, ವರಮಹಾಲಕ್ಷ್ಮಿಯ ಅರಿಶಿನ ಕುಂಕುಮದ ಸಂದರ್ಭಗಳು ಮಳೆಗಾಲದಲ್ಲಿ ಬರುತ್ತವೆ. ಆಗ ಚಿಕ್ಕ ಕುಂಕುಮದ ಪೊಟ್ಟಣ, ಬಳೆಯ ಚೀಲದಂಥ ಬೇಗ ಬಳಕೆಯಾಗಿ ಮುಗಿಯುವ ವಸ್ತುಗಳಷ್ಟೇ ಸಾಕು.

ಅಂಚೆ: ಚಪ್ಪಟೆಯಾಗಿರುವುದಕ್ಕೆ ಇದಕ್ಕಿಂತ ಅಗ್ಗದ ದಾರಿಯಿಲ್ಲ

ದೂರದವರಿಗೆ ಮೂಲ ಪ್ರತಿಯನ್ನೇ ಕಳಿಸಬೇಕು ಮತ್ತು ವಸ್ತು ಚಪ್ಪಟೆಯಾಗಿದೆ ಎಂದಾದರೆ ಅಂಚೆಯೇ ಸರಿ. ಸಾಮಾನ್ಯ ಅಂಚೆ ಲಕೋಟೆಯ ದರದ ಮೊದಲ ಹಂತ 20 ಗ್ರಾಂವರೆಗೆ. ಕಾರ್ಡು ಮಾಡುವವರು ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದರೆ ಒಳ್ಳೆಯದು, ಮತ್ತು ಲೆಕ್ಕ ಕಷ್ಟವೇನಲ್ಲ. ಆಗಲೇ ಹೇಳಿದಂತೆ ಜಿಎಸ್ಎಂ ಎಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ. ಒಂದು ಚದರ ಮೀಟರಿನಲ್ಲಿ ಹದಿನಾರು ಎ4 ಹಾಳೆಗಳು ಸೇರುತ್ತವೆ. ಹಾಗಾಗಿ 300 ಜಿಎಸ್ಎಂನ ಒಂದು ಎ4 ಹಾಳೆ ಸುಮಾರು 18.7 ಗ್ರಾಂ ತೂಗುತ್ತದೆ. ಅದನ್ನು ನಡುವೆ ಮಡಿಸಿ ಕಾರ್ಡು ಮಾಡಿ, ಲಕೋಟೆ ಸೇರಿಸಿದರೆ ಅಂಟು ಹಚ್ಚುವ ಮೊದಲೇ 20 ಗ್ರಾಂ ದಾಟಿಹೋಗುತ್ತದೆ. ಅದೇ ದಪ್ಪದ ಹಾಳೆಯನ್ನು ಎ5 ಅಳತೆಗೆ ಕತ್ತರಿಸಿ ಮಡಿಸಿದರೆ ಕಾರ್ಡಿನ ತೂಕ 9.4 ಗ್ರಾಂ, ಲಕೋಟೆಗೆ ನಾಲ್ಕು ಗ್ರಾಂ ಹಿಡಿದರೂ ಕ್ವಿಲ್ಲಿಂಗ್ ಪಟ್ಟಿಗಳಿಗೆ ಇನ್ನೂ ಆರು ಗ್ರಾಂನಷ್ಟು ಅವಕಾಶ ಉಳಿಯುತ್ತದೆ. ಅಂಚೆಚೀಟಿ ಕಡಿಮೆ ಹಚ್ಚಿದ ಲಕೋಟೆಗೆ ಬಾಕಿ ಹಣವನ್ನು ದಂಡ ಸಮೇತ ಪಡೆಯುವವರಿಂದ ವಸೂಲು ಮಾಡುವ ಪದ್ಧತಿಯಿರುವುದರಿಂದ, ಉಡುಗೊರೆ ಪಡೆದವರು ಹಣ ತೆರುವಂತಾಗಬಾರದು. ಸಂದೇಹವಿದ್ದರೆ ಕೌಂಟರಿನಲ್ಲಿ ತೂಗಿಸಿಯೇ ಹಾಕಿ.

ತೂಕಕ್ಕಿಂತ ದೊಡ್ಡ ತೊಡಕು ಉಬ್ಬು. ಅಂಚೆಚೀಟಿಯ ಮೇಲೆ ಮೊಹರು ಬೀಳುತ್ತದೆ, ಲಕೋಟೆಗಳನ್ನು ಕಟ್ಟು ಕಟ್ಟಿ ಚೀಲಕ್ಕೆ ತುಂಬುತ್ತಾರೆ. ಕ್ವಿಲ್ಲಿಂಗ್‌ಗೆ ಸಾಮಾನ್ಯವಾಗಿ ಬಳಸುವ 5 ಮಿ.ಮೀ. ಪಟ್ಟಿಯ ಬದಲು 3 ಮಿ.ಮೀ. ಪಟ್ಟಿಯನ್ನು ಬಳಸಿದರೆ ಉಬ್ಬು ಐದರಲ್ಲಿ ಎರಡು ಪಾಲಿನಷ್ಟು ತಗ್ಗುತ್ತದೆ. ಹೂವನ್ನು ಕಾರ್ಡಿನ ಕೆಳಗಿನ ಎಡ ಮೂಲೆಗೆ ಕೂರಿಸಿದರೆ ಚೀಟಿ ಹಚ್ಚುವ ಬಲ ಮೇಲ್ತುದಿಯಿಂದ ಅದು ದೂರವಿರುತ್ತದೆ. ಕಾರ್ಡಿನ ಸುತ್ತ ಪಟ್ಟಿಯ ಎತ್ತರದಷ್ಟೇ ದಪ್ಪದ ರಟ್ಟಿನ ಚೌಕಟ್ಟನ್ನಿಟ್ಟು ಅದರ ಮೇಲೆ ತೆಳು ಹಾಳೆ ಮುಚ್ಚಿದರೆ, ಒತ್ತಡವೆಲ್ಲ ಚೌಕಟ್ಟಿನ ಮೇಲೆ ಬಿದ್ದು ಹೂವು ಉಳಿಯುತ್ತದೆ. ತೆರೆದಾಗ ಎದ್ದು ನಿಲ್ಲುವ ಪಾಪ್ ಅಪ್ ಕಾರ್ಡು ಅಂಚೆಗೆ ಇನ್ನೂ ಅನುಕೂಲ, ಏಕೆಂದರೆ ಅದು ಪ್ರಯಾಣದಲ್ಲಿ ಚಪ್ಪಟೆಯಾಗಿರುತ್ತದೆ, ಕೈಗೆ ಬಂದ ಮೇಲಷ್ಟೇ ಎದ್ದು ನಿಲ್ಲುತ್ತದೆ. ಅಂಚೆಗೆ ಏನು ಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಹೊಯ್ಸಳರ ಗುಡಿಗಳು ನಿಂತಿರುವ ನಕ್ಷತ್ರಾಕಾರದ ಕಟ್ಟೆಯನ್ನು, ಅಂದರೆ ಜಗತಿಯನ್ನು, ಇದರಲ್ಲಿ ಸೊಗಸಾಗಿ ತರಬಹುದು. ಒಂದೇ ಅಳತೆಯ ಎರಡು ಚೌಕಗಳನ್ನು ಒಂದರ ಮೇಲೊಂದಿಟ್ಟು 45 ಡಿಗ್ರಿ ತಿರುಗಿಸಿದರೆ ಎಂಟು ಮೂಲೆಯ ನಕ್ಷತ್ರವಾಗುತ್ತದೆ. ನಾಲ್ಕು ಚೌಕಗಳನ್ನು ತಲಾ 22.5 ಡಿಗ್ರಿ ತಿರುಗಿಸುತ್ತಾ ಹೋದರೆ ಹದಿನಾರು ಮೂಲೆಯದು ಸಿಗುತ್ತದೆ. ಈ ಆಕಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಚಿಕ್ಕದು ಮಾಡಿ ಎರಡು ಮೂರು ಪದರ ಏರಿಸಿದ ಕಾರ್ಡು ಬೇಲೂರು, ಹಳೇಬೀಡು ನೋಡಿದವರಿಗೆ ತಟ್ಟನೆ ಗುರುತು ಸಿಗುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಹೊರ ರಾಜ್ಯದ ಸ್ನೇಹಿತರಿಗೂ ಇದರ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಸಾಮಾನ್ಯ ಅಂಚೆಯಲ್ಲಿ ಲಕೋಟೆ ಎಲ್ಲಿಗೆ ತಲುಪಿತೆಂದು ಪತ್ತೆ ಹಚ್ಚಲಾಗದು. ದಿನಗಟ್ಟಲೆ ಕೂತು ಮಾಡಿದ, ಮತ್ತೆ ಮಾಡಲಾಗದ ಚಿತ್ರವಾದರೆ ಸ್ಪೀಡ್ ಪೋಸ್ಟ್ ಮಾಡುವುದೇ ವಿವೇಕ. ಹಿಂದೆ ಪ್ರತ್ಯೇಕವಾಗಿದ್ದ ರಿಜಿಸ್ಟರ್ಡ್ ಪೋಸ್ಟ್ ಸೇವೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ವಿಲೀನಗೊಳಿಸಿರುವುದರಿಂದ ಎರಡರಲ್ಲಿ ಯಾವುದು ಎಂಬ ಹಳೆಯ ಗೊಂದಲ ಈಗಿಲ್ಲ. ಪಿನ್ ಕೋಡನ್ನು, ಹಾಸನಕ್ಕೆ 573201, ಚಿಕ್ಕಮಗಳೂರಿಗೆ 577101 ಎಂಬಂತೆ, ಸ್ಪಷ್ಟವಾಗಿ ಬರೆಯಿರಿ. ಮಳೆಗಾಲವಾದರೆ ವಿಳಾಸವನ್ನು ಬಾಲ್ ಪೆನ್ನಿನಲ್ಲೇ ಬರೆಯಿರಿ, ಜೆಲ್ ಪೆನ್ನಿನ ಶಾಯಿ ಹನಿ ಬಿದ್ದರೆ ಹರಡುತ್ತದೆ.

ಕೊರಿಯರ್ ಮತ್ತು ಬಸ್ಸಿನ ಪಾರ್ಸೆಲ್

ಪೆಟ್ಟಿಗೆಯಲ್ಲೇ ಹೋಗಬೇಕಾದ ವಸ್ತುವಿಗೆ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಕೊರಿಯರ್ ಮನೆ ಬಾಗಿಲಿಗೆ ಹೋಗುತ್ತದೆ. ಆದರೆ ಕಾಗದದ ವಸ್ತು ಕಳಿಸುವವರಿಗೆ ಅಲ್ಲಿ ಒಂದು ಅನಿರೀಕ್ಷಿತ ಖರ್ಚು ಕಾದಿರುತ್ತದೆ. ಹಗುರವಾಗಿದ್ದು ಜಾಗ ತಿನ್ನುವ ಪೆಟ್ಟಿಗೆಗೆ ನಿಜವಾದ ತೂಕದ ಬದಲು ಗಾತ್ರದ ತೂಕವನ್ನು ಲೆಕ್ಕ ಹಾಕುತ್ತಾರೆ: ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಹುತೇಕ ಕಡೆ 5000ದಿಂದ ಭಾಗಿಸುತ್ತಾರೆ. ಹೀಗಾಗಿ 30 ಸೆಂ.ಮೀ. ಉದ್ದಗಲ, 20 ಸೆಂ.ಮೀ. ಎತ್ತರದ ಪೆಟ್ಟಿಗೆಯಲ್ಲಿ 300 ಗ್ರಾಂ ತೂಗುವ ಹೂಗುಚ್ಛ ಕಳಿಸಿದರೆ 3.6 ಕಿಲೋ ಲೆಕ್ಕದ ಬಿಲ್ಲು ಬರುತ್ತದೆ. ಈ ದಾರಿಯಲ್ಲೇ ಕಳಿಸುವುದಾದರೆ ವಸ್ತುವನ್ನು ಬಿಡಿಸಿ ಜೋಡಿಸುವಂತೆ ಮಾಡುವುದು ಒಂದೇ ಉಪಾಯ. ತೋರಣದ ಎಲೆಗಳನ್ನು ಒಂದರ ಮೇಲೊಂದು ಪೇರಿಸಿ, ದಾರವನ್ನು ಬೇರೆ ಸುತ್ತಿಟ್ಟು, ಪಡೆದವರು ಪೋಣಿಸಿಕೊಳ್ಳುವಂತೆ ಒಂದು ಚೀಟಿ ಬರೆದಿಟ್ಟರೆ ಅದೇ ತೋರಣ ಪುಸ್ತಕದಷ್ಟು ಜಾಗದಲ್ಲಿ ಹೋಗುತ್ತದೆ.

ಬಸ್ಸಿನ ಪಾರ್ಸೆಲ್ ನಿಲ್ದಾಣದಿಂದ ನಿಲ್ದಾಣಕ್ಕೆ. ಕೆಎಸ್ಆರ್‌ಟಿಸಿ 2021ರಿಂದ ‘ನಮ್ಮ ಕಾರ್ಗೋ’ ಹೆಸರಿನಲ್ಲಿ ಈ ಸೇವೆಯನ್ನು ನಡೆಸುತ್ತಿದೆ. ಹಾಸನ, ಬೆಂಗಳೂರು ನಡುವೆ ಸುಮಾರು 185 ಕಿಲೋಮೀಟರ್. ಬೆಳಿಗ್ಗೆ ಕೊಟ್ಟದ್ದು ಅಂದೇ ತಲುಪುವ ಸಾಧ್ಯತೆ ಇರುವ ದಾರಿಯೆಂದರೆ ಇದೇ. ಪಡೆಯುವವರು ನಿಲ್ದಾಣಕ್ಕೆ ಹೋಗಿ ಬಿಡಿಸಿಕೊಳ್ಳಬೇಕೆಂಬುದೇ ತೊಂದರೆ. ವಯಸ್ಸಾದ ಸೋದರತ್ತೆಗೆ ಹಾಗೆ ಕಳಿಸಿ, ಮೆಜೆಸ್ಟಿಕ್‌ಗೆ ಹೋಗಿ ತೆಗೆದುಕೊಳ್ಳಿ ಎನ್ನುವುದು ಸೌಜನ್ಯವೆನಿಸದು. ಜೂನ್‌ನಿಂದ ಆಗಸ್ಟ್‌ವರೆಗೆ ಮಂಗಳೂರು ಕಡೆಗೆ ಕಳಿಸುವವರು ಇನ್ನೊಂದನ್ನು ಗಮನಿಸಬೇಕು: ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮಣ್ಣು ಕುಸಿದರೆ ವಾಹನಗಳು ಸುತ್ತಿ ಹೋಗುತ್ತವೆ, ಪಾರ್ಸೆಲ್ ತೇವದ ಗೋದಾಮಿನಲ್ಲಿ ಕೂರುತ್ತದೆ. ಪ್ಲಾಸ್ಟಿಕ್ ಚೀಲದೊಳಗೆ ಗಾಳಿಯಾಡದಂತೆ ಸುತ್ತಿ, ಹೊಸ ಚಪ್ಪಲಿ ಅಥವಾ ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಒಳಗಿಡಿ. ಚಿಕ್ಕ ಮಕ್ಕಳಿರುವ ಮನೆಯಾದರೆ ಆ ಪೊಟ್ಟಣದ ವಿಷಯವನ್ನು ಫೋನಿನಲ್ಲಿ ತಿಳಿಸಿಬಿಡಿ.

ಫೋಟೊ ತೆಗೆದು ಹಂಚುವುದು

ಖರ್ಚಿಲ್ಲ, ತಕ್ಷಣ ಎಲ್ಲರಿಗೂ ತಲುಪುತ್ತದೆ. ಆದರೂ ಇದನ್ನು ನಾನು ಕೈಯಲ್ಲಿ ಕೊಡುವುದಕ್ಕೆ ಬದಲಿ ಎಂದು ಎಣಿಸುವುದಿಲ್ಲ. ಹೆಚ್ಚು ಜನಕ್ಕೆ ತೋರಿಸಲು, ದೂರದವರ ಅಭಿಪ್ರಾಯ ಕೇಳಲು ಇದು ಸರಿ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಚಿತ್ರಗಳ ನಡುವೆ ನಿಮ್ಮ ಕೆಲಸ ಮೇಲೆ ಸರಿದುಹೋಗುವುದು ಕ್ಷಣದ ಮಾತು. ಸ್ಟೇಟಸ್‌ನಲ್ಲಿ ಹಾಕಿದರೆ 24 ಗಂಟೆಯ ಬಳಿಕ ಅದು ಇರುವುದೇ ಇಲ್ಲ. ಹತ್ತು ಚಿತ್ರಗಳನ್ನು ಗುಂಪಿಗೆ ಸುರಿಯುವುದಕ್ಕಿಂತ ಒಂದೊಂದನ್ನು ಒಬ್ಬೊಬ್ಬರಿಗೆ, ಇದನ್ನು ನಿಮಗೇಕೆ ತೋರಿಸುತ್ತಿದ್ದೇನೆ ಎಂಬ ಒಂದು ಸಾಲಿನೊಂದಿಗೆ ಕಳಿಸಿದರೆ ಉತ್ತರ ಬರುತ್ತದೆ, ಹೆಬ್ಬೆರಳಿನ ಗುರುತಷ್ಟೇ ಬರುವುದಿಲ್ಲ.

ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. 2023ರಿಂದ ಎಚ್‌ಡಿ ಗುಣಮಟ್ಟದ ಆಯ್ಕೆ ಬಂದಿದೆ, ಅದರಲ್ಲೂ ಸ್ವಲ್ಪ ಕುಗ್ಗುತ್ತದೆ. ಅತ್ತಿಗೆ ಅದನ್ನು ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ ಎಂದಾದರೆ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಆಗ ಮೂಲ ಕಡತವೇ ಹೋಗುತ್ತದೆ. ಒಂದೇ ಕಡೆ ಎಲ್ಲ ಕೆಲಸವನ್ನೂ ಕೂಡಿಡಬೇಕೆನ್ನುವವರು ಗೂಗಲ್ ಫೋಟೋಸ್‌ನಲ್ಲಿ ಆಲ್ಬಂ ಮಾಡಿ ಅದರ ಕೊಂಡಿಯನ್ನು ಕೊಡಬಹುದು. ಉಚಿತ ಸ್ಥಳ 15 ಜಿಬಿ ಮಾತ್ರ, ಅದನ್ನು ಜಿಮೇಲ್ ಕೂಡ ಹಂಚಿಕೊಳ್ಳುತ್ತದೆ. ಮತ್ತು ಕೊಂಡಿ ಯಾರ ಕೈಗೆ ಸಿಕ್ಕರೂ ಆಲ್ಬಂ ತೆರೆದುಕೊಳ್ಳುತ್ತದೆ. ಆದ್ದರಿಂದ ಮಕ್ಕಳ ಶಾಲೆಯ ಸಮವಸ್ತ್ರ, ಗುರುತಿನ ಚೀಟಿ, ಮನೆಯ ವಿಳಾಸ ಕಾಣುವ ಚಿತ್ರಗಳನ್ನು ಅದರೊಳಗೆ ಸೇರಿಸದಿರುವುದು ಕ್ಷೇಮ. ಮಗುವಿನ ಮುಖಕ್ಕಿಂತ ಮಗುವಿನ ಕೈ ಮತ್ತು ಅದು ಮಾಡಿದ ವಸ್ತು ಕಂಡರೆ ಸಾಕು.

ಬೆಳಕಿನ ವಿಷಯ ಸ್ವಲ್ಪ ಹೇಳಬೇಕು. ಜಲವರ್ಣದಂಥ ಚಪ್ಪಟೆ ಚಿತ್ರಕ್ಕೆ ಎರಡೂ ಕಡೆಯಿಂದ ಸಮನಾದ ಬೆಳಕು ಬೇಕು; ಮೋಡ ಕವಿದ ಮಧ್ಯಾಹ್ನ ಜಗಲಿಯ ಮೇಲೆ ಹರಡಿಟ್ಟು ತೆಗೆಯುವುದು ಇದಕ್ಕೆ ಸೂಕ್ತ, ನಮ್ಮ ಕಡೆ ಅಂಥ ಮಧ್ಯಾಹ್ನಗಳಿಗೆ ಕೊರತೆಯೂ ಇಲ್ಲ. ಕ್ವಿಲ್ಲಿಂಗ್, ಕತ್ತರಿಸಿ ಪದರ ಏರಿಸಿದ ಕೆಲಸ, ಒರಿಗಾಮಿ ಇವುಗಳಿಗೆ ಇದು ತದ್ವಿರುದ್ಧ: ಒಂದೇ ಕಿಟಕಿಯ ಬೆಳಕು ಬದಿಯಿಂದ ಓರೆಯಾಗಿ ಬಿದ್ದರೆ ಪ್ರತಿ ಸುರುಳಿಯ ನೆರಳು ಮೂಡಿ ಆಳ ಕಾಣುತ್ತದೆ. ಎರಡಕ್ಕೂ ಫ್ಲಾಷ್ ಬೇಡ. ಮೊಬೈಲನ್ನು ತೀರ ಹತ್ತಿರ ಹಿಡಿದರೆ ಅಂಚುಗಳು ಬಾಗಿದಂತೆ ಬರುತ್ತವೆ. ಸ್ವಲ್ಪ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ ತೆಗೆಯಿರಿ. ಗಾತ್ರ ತಿಳಿಯುವಂತೆ ಪಕ್ಕದಲ್ಲಿ ಒಂದು ಕಾಫಿ ಬೀಜವನ್ನೋ ಬೆಂಕಿಪೊಟ್ಟಣವನ್ನೋ ಇಡುವುದು ನನಗೆ ಇಷ್ಟವಾದ ಪದ್ಧತಿ.

ಪ್ರತಿ ತೆಗೆಸಿ ಕೊಡುವುದು

ಚಿತ್ರ ಒಂದೇ, ಕೇಳುವವರು ಹಲವರು ಎಂಬಲ್ಲಿ ಇದು ಉಪಯುಕ್ತ. 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆಗಳಂತೆ) ಸ್ಕ್ಯಾನ್ ಮಾಡಿಸಿದರೆ ಎ4 ಚಿತ್ರ 2480×3508 ಪಿಕ್ಸೆಲ್ ಆಗುತ್ತದೆ. ಅದೇ ಅಳತೆಯಲ್ಲಿ ಮುದ್ರಿಸಲು ಅಷ್ಟು ಸಾಕು. ಎ3ಗೆ ಹಿಗ್ಗಿಸಬೇಕೆಂದಿದ್ದರೆ 600 ಡಿಪಿಐ ಕೇಳಿ. ಜೆರಾಕ್ಸ್ ಅಂಗಡಿಯಲ್ಲಿ ಮಾಮೂಲು ಹಾಳೆಯ ಬದಲು ದಪ್ಪ ಹಾಳೆಯಲ್ಲಿ ಮುದ್ರಿಸಿಕೊಡಲು ಹೇಳಿದರೆ ಖರ್ಚು ತುಸು ಹೆಚ್ಚಾದರೂ ಫಲಿತಾಂಶ ಬೇರೆಯೇ. ತಿಳಿ ಹಳದಿ, ತಿಳಿ ಗುಲಾಬಿಗಳು ಕಲರ್ ಜೆರಾಕ್ಸ್‌ನಲ್ಲಿ ಮಾಸುತ್ತವೆ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಉಬ್ಬಿರುವ ಕೆಲಸಕ್ಕೆ ಸ್ಕ್ಯಾನರ್ ಪ್ರಯೋಜನವಿಲ್ಲ.

ಲ್ಯಾಮಿನೇಷನ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ಪ್ರತಿಗಳಿಗೆ ಅದು ಸರಿ, ಮೂಲಕ್ಕೆ ಬೇಡ. ಬಿಸಿ ಲ್ಯಾಮಿನೇಷನ್ ಮೇಣದ ಕ್ರೇಯಾನ್ ಬಣ್ಣವನ್ನು ಕರಗಿಸುತ್ತದೆ, ಕಾಗದದಲ್ಲಿ ತೇವವಿದ್ದರೆ ಅದನ್ನು ಒಳಗೇ ಕೂಡಿಹಾಕುತ್ತದೆ, ಒಮ್ಮೆ ಮಾಡಿಸಿದರೆ ಬಿಡಿಸಲು ಬರುವುದಿಲ್ಲ. ಮೂಲವನ್ನು ಗಾಜಿನ ಚೌಕಟ್ಟಿನಲ್ಲಿ, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚಿಟ್ಟು ಹಾಕಿಸುವುದು ಉತ್ತಮ. ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ. ಸ್ಕೆಚ್ ಪೆನ್ನಿನ ಬಣ್ಣಗಳು ಎಲ್ಲಕ್ಕಿಂತ ಬೇಗ ಮಾಸುತ್ತವೆ.

ಮನೆಯಲ್ಲೇ ಜೋಡಿಸಿಡುವುದು

ದಸರಾ ಗೊಂಬೆ ಕೂರಿಸುವ ಮನೆಯಾದರೆ ಪ್ರದರ್ಶನಕ್ಕೆ ಬೇರೆ ಏರ್ಪಾಡೇ ಬೇಡ. ಮೆಟ್ಟಿಲಿನ ಕೆಳಗೆ ಉದ್ಯಾನ, ಊರು, ಸಂತೆ ಎಂದು ಬಿಡಿಸುವ ಜಾಗದಲ್ಲಿ ಕಾಗದದ ಕಾಫಿ ತೋಟವನ್ನೋ ಜಾತ್ರೆಯ ತೇರನ್ನೋ ನಿಲ್ಲಿಸಬಹುದು. ನವರಾತ್ರಿಯ ಅಷ್ಟೂ ದಿನ ಜನ ಬಂದು ನೋಡುತ್ತಾರೆ, ದೊಡ್ಡ ಗಾತ್ರದ ಕೆಲಸವನ್ನು ಎಲ್ಲಿಗೂ ಸಾಗಿಸಬೇಕಾಗಿಯೂ ಇಲ್ಲ. ಕುಂದೇನೆಂದರೆ ಹತ್ತು ದಿನದ ಬಳಿಕ ಅದನ್ನು ಎಲ್ಲಿಡುವುದು ಎಂಬುದು. ಅಟ್ಟಕ್ಕೆ ಹಾಕಿದರೆ ಮುಂದಿನ ಮಳೆಗಾಲ ಅದನ್ನು ಮುಗಿಸುತ್ತದೆ. ಕೊನೆಯ ದಿನ ಬಂದ ಮಕ್ಕಳಿಗೆ ಒಂದೊಂದು ತುಂಡನ್ನು ಕೊಟ್ಟು ಕಳಿಸುವುದು ಸುಲಭ.

ಮಾಡುವುದನ್ನು ಕಲಿಸುವುದು

ವಸ್ತುವಿನ ಬದಲು ವಿಧಾನವನ್ನು ಹಂಚುವ ಈ ದಾರಿ, ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಗೆ ಬಂದ ಮಕ್ಕಳ ದಂಡು ಇರುವಲ್ಲಿ ಹೆಚ್ಚು ಹೊಂದುತ್ತದೆ. ಐದಾರು ವರ್ಷದವರಿಗೆ ಒರಿಗಾಮಿಯ ನಾಯಿಮುಖ, ದೋಣಿ. ಕತ್ತರಿ ಬೇಡವಾದ್ದರಿಂದ ಜಗಳವೂ ಗಾಯವೂ ಕಡಿಮೆ. ಎಂಟು ವರ್ಷದ ಮೇಲಿನವರಿಗೆ ಮಡಿಸಿ ಕತ್ತರಿಸುವ ರಂಗೋಲಿ ವಿನ್ಯಾಸಗಳು. ಕೊಕ್ಕರೆಯನ್ನು ದೊಡ್ಡ ಮಕ್ಕಳಿಗೆ ಬಿಡಿ. ನಡುವಿನ ಒಂದು ಮಡಿಕೆ, ಚೌಕವನ್ನು ಮೇಲಕ್ಕೆತ್ತಿ ಎರಡೂ ಬದಿಯನ್ನು ಒಳಸೇರಿಸುವುದು, ಚಿಕ್ಕವರ ಕೈಗೆ ಸುಲಭವಾಗಿ ಬಗ್ಗದು.

ದೂರದವರಿಗೆ ಕಲಿಸಲು ವಿಡಿಯೊ ಮತ್ತು ನಕ್ಷೆ ಎರಡೂ ಇವೆ. ವಿಡಿಯೊವನ್ನು ಎದುರಿನಿಂದ ತೆಗೆದರೆ ನೋಡುವವರಿಗೆ ಎಡಬಲ ಅದಲುಬದಲಾಗುತ್ತದೆ. ಮೊಬೈಲನ್ನು ಹೆಗಲ ಮೇಲಿನಿಂದ ಕೆಳಮುಖವಾಗಿ ನಿಲ್ಲಿಸಬೇಕು. ಕತ್ತರಿಸುವ ನಕ್ಷೆಯನ್ನು ಪಿಡಿಎಫ್ ಮಾಡಿ ಕಳಿಸುವವರು ಹಾಳೆಯ ಮೂಲೆಯಲ್ಲಿ ಸರಿಯಾಗಿ 5 ಸೆಂ.ಮೀ. ಉದ್ದದ ಗೆರೆಯೊಂದನ್ನು ಹಾಕಿಡಿ. ಪ್ರಿಂಟರ್ ಹಾಳೆಗೆ ಹೊಂದಿಸುವ ನೆಪದಲ್ಲಿ ನಕ್ಷೆಯನ್ನು ಕುಗ್ಗಿಸಿದ್ದರೆ ಸ್ಕೇಲಿನಿಂದ ಆ ಗೆರೆಯನ್ನು ಅಳೆದ ಕೂಡಲೇ ಗೊತ್ತಾಗುತ್ತದೆ. ಪೆಟ್ಟಿಗೆ, ಮುಚ್ಚಳಗಳು ಬೇರೆ ಬೇರೆ ಹಾಳೆಯಲ್ಲಿದ್ದರೆ ಇದು ಅತ್ಯಗತ್ಯ. ಹಣ ಕೊಟ್ಟು ಕೊಂಡ ಇನ್ನೊಬ್ಬರ ನಕ್ಷೆಯನ್ನು ಮಾತ್ರ ಹೀಗೆ ಹಂಚುವಂತಿಲ್ಲ. ಅದರಿಂದ ಮಾಡಿದ ವಸ್ತುವನ್ನು ಉಡುಗೊರೆ ಕೊಡುವುದು ಬೇರೆ, ನಕ್ಷೆಯನ್ನೇ ಕೊಡುವುದು ಬೇರೆ.

ಹೊರದೇಶದಲ್ಲಿರುವವರಿಗೆ

ಇವರ ವಿಷಯದಲ್ಲಿ ಆಯ್ಕೆಗಳು ಕಿರಿದಾಗುತ್ತವೆ. ಚಪ್ಪಟೆ ಕಾರ್ಡೊಂದನ್ನು ಲಕೋಟೆಯಲ್ಲಿ ಕಳಿಸಬಹುದು. ಪೆಟ್ಟಿಗೆಯಾದರೆ ಕಸ್ಟಮ್ಸ್ ಘೋಷಣೆಯ ಫಾರಂ ತುಂಬಬೇಕಾಗುತ್ತದೆ, ಖರ್ಚು ವಸ್ತುವಿನ ಬೆಲೆಯ ಹಲವು ಪಟ್ಟಾಗುತ್ತದೆ. ಒಣಗಿಸಿದ ಹೂವು, ಎಲೆ, ಬೀಜ ಅಂಟಿಸಿದ ಕಾರ್ಡುಗಳನ್ನು ಕಳಿಸಲೇಬಾರದು. ಆಸ್ಟ್ರೇಲಿಯಾದಂಥ ದೇಶಗಳು ಸಸ್ಯಜನ್ಯ ವಸ್ತುಗಳ ಬಗ್ಗೆ ಬಹಳ ಕಟ್ಟುನಿಟ್ಟು. ಗಡಿಯಲ್ಲೇ ತಡೆದು ನಾಶ ಮಾಡುವ ಸಾಧ್ಯತೆಯಿದೆ. ಕಾಫಿ ಹೂವನ್ನು ಒತ್ತಿ ಒಣಗಿಸಿ ಮಾಡಿದ ಕಾರ್ಡನ್ನು ಅಲ್ಲಿನ ತಮ್ಮನಿಗೆ ಕಳಿಸಬೇಕೆಂಬ ಆಸೆಯಿದ್ದರೆ, ಅದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ಕಡತವನ್ನು ಕಳಿಸಿ. ಅವನು ಅಲ್ಲಿಯೇ ಒಳ್ಳೆಯ ಹಾಳೆಯಲ್ಲಿ ಮುದ್ರಿಸಿಕೊಳ್ಳಲಿ; ಮೂಲ ಕಾರ್ಡನ್ನು ಬೆಣ್ಣೆ ಕಾಗದದ ನಡುವೆ, ಭಾರದ ಪುಸ್ತಕದೊಳಗೆ ಇಟ್ಟು, ಅವನು ಊರಿಗೆ ಬಂದಾಗ ಕೊಡಿ. ಆದರೆ ಅವನು ಅದನ್ನು ವಾಪಸು ಕೊಂಡೊಯ್ಯುವುದಾದರೆ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು. ಅಷ್ಟೆಲ್ಲ ಗೋಜು ಬೇಡವೆಂದರೆ ಅದು ಇಲ್ಲಿನ ಮನೆಯ ಗೋಡೆಯ ಮೇಲೇ ಇರಲಿ.